ಏರ್ ಫಿಲ್ಟರ್ ಮೇಲಿನ ವಿಭೂತಿ

ಚನ್ನಬಸವಯ್ಯ ನಮ್ಮ ಮನೆ ಸೋಫಾ ಮೇಲೆ ಕೂತವರೇ ಕೈಚೀಲದಿಂದ ಜಾಕಿ ರಾಡು ತೆಗೆದು ಟೀಪಾಯಿ ಮೇಲಿಟ್ಟರು.

"ಆ ಅಡವಿಯಪ್ಪನೇ ಮಾಡಿದ್ದು ಅಂತ ಒಂದು ಮಾತು ಹೇಳಿ ಮೇಡಮ್ಮೋರೆ. ಮಿಕ್ಕಿದ್ದು ನಾನು ನೋಡ್ಕೋತೀನಿ. ಅವನ ಕೈ ಮುರೀದೆ ಬುಡಲ್ಲ."

ಮೇಡಮ್ಮೋರು ಅಂದರೆ ಸರ್ವಮಂಗಳಮ್ಮ. ಪೊಲೀಸ್ ಇನ್ಸ್‌ಪೆಕ್ಟರಾಗಿ ರಿಟೈರಾದ ಮೇಲೆ ತುಮಕೂರಿನಲ್ಲಿ ನನ್ನ ಜೊತೆ ಒಂದೇ ಮನೆಯಲ್ಲಿದ್ದಾರೆ. ಅವರಿಗೆ ಸ್ಕೂಟರ್ ಬರುವುದಿಲ್ಲ, ನನಗೆ ತಾಳ್ಮೆ ಬರುವುದಿಲ್ಲ. ಹೇಗೋ ಹೊಂದಿಕೊಂಡಿದ್ದೇವೆ.

ನಿಟ್ಟೂರಿನ ಚನ್ನಬಸವಯ್ಯನವರ ಮಗಳು ಸುಧಾ ಚೊಚ್ಚಲ ಬಸುರಿ, ತವರಿಗೆ ಬಂದಿದ್ದಳು. ಹೆರಿಗೆಗೆ ಇನ್ನೂ ದಿನವಿತ್ತು. ಮನೆಯ ಹಳೇ ಪೆಟ್ರೋಲ್ ಕಾರು ಎಳೆಯುತ್ತಿಲ್ಲವೆಂದು ಗುಬ್ಬಿಯ ಮೆಕ್ಯಾನಿಕ್ ಅಡವಿಯಪ್ಪನ ಹತ್ತಿರ, ಏರ್ ಫಿಲ್ಟರ್ ಡಬ್ಬಿಯೊಳಗೆ ಕೂತು ಎಂಜಿನ್ನಿಗೆ ಹೋಗುವ ಗಾಳಿ ಅಳೆಯುವ ಏರ್ ಸೆನ್ಸರ್ ಕ್ಲೀನ್ ಮಾಡಿಸಿ ತಂದರು. ಮಾರನೆಯ ಬೆಳಿಗ್ಗೆ ಸುಧಾಗೆ ಇದ್ದಕ್ಕಿದ್ದಂತೆ ನೋವು ಬಂತು. ಕಾರು ಊರು ದಾಟಿದ್ದೇ ತಡ, ಮುಕ್ಕರಿಸಿ ನಿಂತುಬಿಟ್ಟಿತು. ಬೇರೆ ಗಾಡಿ ಸಿಕ್ಕಿ ಆಸ್ಪತ್ರೆ ಸೇರುವಷ್ಟರಲ್ಲಿ ಮಗು ಹೋಗಿತ್ತು.

"ಆಮೇಲೆ ಕಾರನ್ನ ಯಾರು ಮುಟ್ಟಿದ್ರು?" ಸರ್ವಮಂಗಳಮ್ಮ ಕೇಳಿದರು.

"ಯಾರೂ ಇಲ್ಲ. ಎಳಕೊಂಡು ಬಂದು ಶೆಡ್ಡಿಗೆ ಹಾಕಿ ಬೀಗ ಜಡಿದಿದೀನಿ. ಬೀಗದ ಕೈ ನನ್ನ ಉಡಿದಾರದಲ್ಲೈತೆ."

ಪಕ್ಕದಲ್ಲಿ ಕೂತಿದ್ದ ಅಳಿಯ ಸಂಗಮೇಶ್, ಸುಧಾಳ ಗಂಡ, ತಡೆಯಲಾರದೆ ಅಂದ: "ನೋಡೋದೇನೈತೆ ಮಾವ? ಸೆನ್ಸರ್‌ಗೆ ಕೊಬ್ಬರಿ ಎಣ್ಣೆ ಸವರಿಟ್ಟವ್ನೆ ಬೇವರ್ಸಿ. ಸುಮ್ನೆ ಇಲ್ಲಿಗೆ ಬಂದ್ರಿ." ಆ ಚಳಿಯಲ್ಲೂ ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ಪಾಪ, ಮಗು ಕಳಕೊಂಡವನು ಅಂತ ಮರುಗಿದೆ. ನಾನಾಗಿದ್ದರೆ ಆ ರಾಡನ್ನು ಕೈಗೆ ಕೊಟ್ಟು ಕಳಿಸಿಬಿಡುತ್ತಿದ್ದೆ.

ಸರ್ವಮಂಗಳಮ್ಮ ಮಾತ್ರ, "ನಡಿ ಮಂಜುಳಾ, ಗುಬ್ಬಿಗೆ" ಅಂದರು.

ಅಡವಿಯಪ್ಪ ಯಾರದೋ ವ್ಯಾನಿನ ಕೆಲಸ ಮುಗಿಸಿ, ಏರ್ ಫಿಲ್ಟರ್ ಡಬ್ಬಿಯ ಮುಚ್ಚಳದ ಸಂದಿಗೆ ವಿಭೂತಿ ಎಳೆದು ಕೈ ಮುಗಿಯುತ್ತಿದ್ದ. ನಮಗೆ ಟೀ ಲೋಟ ಕೊಡುವಾಗ ನೋಡಿದೆ, ಬಲಗೈಯ ಉಂಗುರದ ಬೆರಳೇ ಇರಲಿಲ್ಲ.

"ಫ್ಯಾನ್ ಬೆಲ್ಟಿಗೆ ಹೋಯ್ತಕ್ಕ, ಹಳೇ ಮಾತು" ಅಂದ. "ಸೆನ್ಸರ್‌ನ ಕೈಯಲ್ಲಿ ಮುಟ್ಟಾದೇ ಇಲ್ಲ ನಾನು. ಕೂದಲಂಗಿರೋ ತಂತಿ ಅದು. ಸ್ಪ್ರೇ ಹೊಡೀತೀನಿ, ಒಣಗಿಸ್ತೀನಿ, ಮುಚ್ತೀನಿ. ಮೇಲೆ ವಿಭೂತಿ. ಮುಚ್ಚಳ ತೆಗೆದ್ರೆ ಅದು ಅಳಿಸೋಗ್ತದೆ."

"ಸಂಗಮೇಶ್‌ಗೂ ನಿನಗೂ ಏನಾದರೂ?"

ಅವನ ಮುಖ ಗಂಟಾಯಿತು. "ಅವರಣ್ಣ ಕುಡಿದು ಕುಣಿಗಲ್ ಹತ್ರ ಒಬ್ಬನ ಮೇಲೆ ಕಾರು ಹತ್ತಿಸಿದ. ಬ್ರೇಕ್ ಫೇಲಾಗಿತ್ತು ಅಂತ ಸಾಕ್ಷಿ ಹೇಳು ಅಂದ್ರು. ಬ್ರೇಕ್ ಸರಿಯಾಗೇ ಇತ್ತು ಅಂದೆ. ಜೈಲಿಗೆ ಹೋದ."

ಅದೇ ಸಂಜೆ ಸರ್ವಮಂಗಳಮ್ಮ ಎಲ್ಲರನ್ನೂ ನಿಟ್ಟೂರಿನ ಶೆಡ್ಡಿಗೆ ಕರೆಸಿದರು. ಚನ್ನಬಸವಯ್ಯ ರಾಡು ಹಿಡಿದೇ ಬಂದರು. ಸಂಗಮೇಶ್ ಬಂದ. ಅಡವಿಯಪ್ಪ ನನ್ನ ಬೆನ್ನ ಹಿಂದೆ ನಿಂತ. ಕಾರು ಓಡಿಸುವ ಕಿರಣ್‌ಕುಮಾರ್ ಮೂಲೆಯಲ್ಲಿ ಉಗುರು ಕಚ್ಚುತ್ತಿದ್ದ. ನನ್ನ ಅನುಮಾನವೆಲ್ಲ ಅವನ ಮೇಲೇ ಇತ್ತು.

ಬೀಗ ತೆಗೆಸಿ ಬಾನೆಟ್ ಎತ್ತಿಸಿದರು. ಏರ್ ಫಿಲ್ಟರ್ ಮುಚ್ಚಳದ ಸಂದಿಯ ಮೇಲೆ ಮೂರೆಳೆ ವಿಭೂತಿ, ಒಂದಿಷ್ಟೂ ಅಳಿಸಿರಲಿಲ್ಲ.

"ಗುರುತು ಹಂಗೇ ಐತೆ" ಅಂದ ಸಂಗಮೇಶ್. "ಅಡವಿಯಪ್ಪ ಮುಚ್ಚಿದ ಮೇಲೆ ಯಾರೂ ತೆಗೆದಿಲ್ಲ ಅಂತಾಯ್ತಲ್ಲ."

"ಅಡವಿಯಪ್ಪ, ನಿನ್ನ ಗುರುತು ಹಾಕು" ಅಂದರು ಸರ್ವಮಂಗಳಮ್ಮ.

ಅವನು ಬೆರಳಿಗೆ ವಿಭೂತಿ ಹಚ್ಚಿ ಪಕ್ಕದಲ್ಲೇ ಎಳೆದ. ಎರಡೇ ಎಳೆ ಮೂಡಿತು.

"ಮೂರನೇ ಬೆರಳಿಲ್ಲದವನು ಮೂರೆಳೆ ಎಳೆಯೋದಿಲ್ಲ. ಯಾರೋ ಮುಚ್ಚಳ ತೆಗೆದು, ಅಳಿಸಿದ್ದನ್ನ ತಿದ್ದಿಟ್ಟಿದ್ದಾರೆ. ದಿನಾ ಹಣೆಗೆ ಎಳೆಯೋ ಕೈ, ಯೋಚನೆ ಮಾಡದೆ ಮೂರೆಳೆ ಎಳೆದುಬಿಟ್ಟಿದೆ." ಅವರು ಮುಚ್ಚಳ ಬಿಚ್ಚಿಸಿ ಸೆನ್ಸರ್ ತೆಗೆಸಿದರು. ತಂತಿಯ ಸುತ್ತ ಎಣ್ಣೆ ಚಳಿಗೆ ಬೆಳ್ಳಗೆ ಹೆಪ್ಪುಗಟ್ಟಿತ್ತು. ಮೂಸಿದೆ, ಕೊಬ್ಬರಿ ಎಣ್ಣೆ.

"ಈ ಗುರುತು ಹಾಕಿದ ಮೇಲೆ ಇವತ್ತಿನವರೆಗೆ ಮುಚ್ಚಳ ತೆರೆದಿಲ್ಲ. ಹಾಗಾದರೆ ಒಳಗಿರೋದು ಕೊಬ್ಬರಿ ಎಣ್ಣೆ ಅಂತ, ಗುರುತು ಹಾಕಿದವನಿಗೆ ಬಿಟ್ಟು ಇನ್ಯಾರಿಗೆ ಗೊತ್ತಿರಬೇಕು? ನಮ್ಮ ಮನೆಯಲ್ಲಿ ಬಾಯಿಬಿಟ್ಟು ಹೇಳಿದವರು ನೀವೇ, ಸಂಗಮೇಶ್."

ಸಂಗಮೇಶ್ ಕಾರಿಗೆ ಒರಗಿ ಹಾಗೇ ಕುಸಿದು ಕೂತ.

"ಕಾರು ರಿಪೇರಿಯಾಗಿ ಬಂದ ರಾತ್ರಿ ನಾನು ಇಲ್ಲೇ ಇದ್ದೆ. ಮಾವ ಮಾರನೇ ದಿನ ಯಡಿಯೂರಿಗೆ ಹೊರಡೋರಿದ್ರು. ದಾರೀಲಿ ಗಾಡಿ ಕೆಡಲಿ, ಇವನ ಹೆಸರು ಕೆಡಲಿ ಅಂತ ಅಷ್ಟೇ. ನಮ್ಮಣ್ಣ ಇವನಿಂದ ಜೈಲಲ್ಲವ್ನೆ. ಸುಧಾಗೆ ಆವತ್ತೇ ನೋವು ಬತ್ತದೆ ಅಂತ ನನಗೇನು ಗೊತ್ತು?"

ಅಯ್ಯೋ ಪಾಪಿ, ಇವನಿಗಾಗಿ ಮರುಗಿದ್ದೆನಲ್ಲ ಅಂತ ನನಗೆ ಮೈಯೆಲ್ಲ ಉರಿಯಿತು. ಚನ್ನಬಸವಯ್ಯ ರಾಡು ಎತ್ತಿದರು. ನಾನಂತೂ ತಡೆಯಲು ಹೋಗಲಿಲ್ಲ.

"ಅಪ್ಪ, ಕೆಳಗಿಡಿ."

ಸುಧಾ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ಬಾಣಂತಿಯ ಹಾಗೆ ತಲೆಗೆ ಬಟ್ಟೆ ಕಟ್ಟಿದ್ದರು, ಕೈಯಲ್ಲಿ ಮಗುವಿರಲಿಲ್ಲ. ಮೆಲ್ಲಗೆ ನಡೆದು ಬಂದು ಗಂಡನ ಎದುರು ನಿಂತಳು.

"ಹೊಡೆದರೆ ಇವರಿಗೆ ಒಂದು ದಿನದ ನೋವು. ಮೇಡಮ್, ಪೊಲೀಸರಿಗೆ ಫೋನ್ ಮಾಡಿ." ಆಮೇಲೆ ಅವನ ಕಡೆ ತಿರುಗಿದಳು. "ನಿಮ್ಮಣ್ಣನ ಮೇಲೆ ಸಾಕ್ಷಿ ಹೇಳಿದ್ದಕ್ಕೆ ತಾನೇ ಇಷ್ಟೆಲ್ಲ? ನಿಮ್ಮ ಮೇಲೆ ನಾನು ಹೇಳ್ತೀನಿ."