ಸೋಮವಾರದ ಪೆನ್‌ಡ್ರೈವ್

ಲತ ನನ್ನ ಅಂಗಡಿಗೆ ಎರಡನೇ ಸಲ ಬಂದದ್ದು ಜಗಳಕ್ಕೆ. ಮೊದಲ ಸಲ ಬಂದಾಗ ನಾನು ಪ್ರಿಂಟರಿನೊಳಗೆ ತಲೆ ತೂರಿಸಿದ್ದೆ, ಮುಖ ಕೂಡ ಸರಿಯಾಗಿ ನೋಡಿರಲಿಲ್ಲ. ಅದು ನನ್ನ ದುರದೃಷ್ಟ.

"ಏನ್ರೀ ತಿಮ್ಮೇಶ್, ನಮ್ಮಪ್ಪನ ಫೈಲು ಏನ್ ಮಾಡ್ಬುಟ್ರಿ?"

ಪೆನ್‌ಡ್ರೈವನ್ನು ಟೇಬಲ್ ಮೇಲೆ ಕುಕ್ಕಿದಳು. ಪೇಟೆ ಬಸ್‌ಸ್ಟ್ಯಾಂಡಿನ ಎದುರು ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನಿಗೆ ಬೈಗುಳ ಹೊಸದಲ್ಲ. ಆದರೆ ಅಷ್ಟು ಚೆಂದವಾಗಿ ಸಿಟ್ಟಾಗುವವರನ್ನು ಕಂಡಿರಲಿಲ್ಲ.

ಅವಳು ಪೇಟೆಯ ದನದ ಆಸ್ಪತ್ರೆಯಲ್ಲಿ ಇನ್ಸ್‌ಪೆಕ್ಟರ್. ದಿನಾ ಕಿಕ್ಕೇರಿಯಿಂದ ಬಸ್ಸಿನಲ್ಲಿ ಬರುತ್ತಾಳೆ. ಅಪ್ಪ ಲಿಂಗಣ್ಣನವರೂ ಅದೇ ಕೆಲಸ ಮಾಡಿ ನಿವೃತ್ತರಾದವರು. ಕಿಕ್ಕೇರಿ ಸುತ್ತಲಿನ ಹಳ್ಳಿಕಾರ್ ದನಗಳ ವಂಶಾವಳಿಯನ್ನು ಇಪ್ಪತ್ತೈದು ವರ್ಷದಿಂದ ಒಂದೇ ಡೇಟಾಬೇಸಿಗೆ ತುಂಬುತ್ತಿದ್ದಾರೆ. ಯಾವ ಕರುವಿಗೆ ಯಾವ ತಾಯಿ, ಯಾವ ಹೋರಿ, ಅದರ ಅಜ್ಜಿ ಯಾರ ಕೊಟ್ಟಿಗೆಯಲ್ಲಿತ್ತು, ಎಲ್ಲ ಅದರಲ್ಲಿದೆ. ಒಂದೇ ರಕ್ತದ ಹೋರಿ ಹಸು ಸೇರದಂತೆ ನೋಡಿಕೊಳ್ಳಲು ಲತಳಿಗೂ ಅದೇ ಆಧಾರ.

ತೊಂದರೆ ಏನೆಂದರೆ, ಲಿಂಗಣ್ಣನವರ ಕಂಪ್ಯೂಟರಿನಲ್ಲಿದ್ದದ್ದು ಆ ಸಾಫ್ಟ್‌ವೇರಿನ ಓಬೀರಾಯನ ಕಾಲದ ವರ್ಶನ್ನು. ಲತಳ ಲ್ಯಾಪ್‌ಟಾಪಿನಲ್ಲಿದ್ದದ್ದು ಹೊಚ್ಚ ಹೊಸದು. ಹಳೆಯ ಫೈಲನ್ನು ಹೊಸದು ತೆರೆಯುವುದಿಲ್ಲ. ಹಿಂದಿನ ವಾರ ನಾನು ಅದನ್ನು ಹೊಸ ರೂಪಕ್ಕೆ ಬದಲಾಯಿಸಿ ಕೊಟ್ಟಿದ್ದೆ. ಬದಲಾದದ್ದನ್ನು ಹಳೆಯದು ತೆರೆಯುವುದಿಲ್ಲ.

"ಅಪ್ಪ ಬೆಳಗ್ಗಿಂದ ಊಟ ಮಾಡಿಲ್ಲ ಕಣ್ರೀ. ಫೈಲು ಗುರುತೇ ಸಿಕ್ತಿಲ್ಲ ಅಂತೈತೆ ಅವರ ಕಂಪ್ಯೂಟರು. ಎರಡೆರಡು ಯಾಕೆ, ನೀಟಾಗಿರ್ಲಿ ಅಂತ ನಾನು ಹಳೇದನ್ನ ತೆಗ್ದು ನಿಮ್ಮ ಹೊಸದನ್ನೇ ಅಲ್ಲಿಗೂ ಹಾಕ್ದೆ..."

ಅಷ್ಟು ಹೇಳಿ ತಟ್ಟನೆ ನಿಲ್ಲಿಸಿದಳು. ತಪ್ಪು ಎಲ್ಲಾಯಿತೆಂದು ಅವಳಿಗೇ ಹೊಳೆದಿತ್ತು. ಕಿವಿ ಕೆಂಪಾದವು. ಇಪ್ಪತ್ತೈದು ವರ್ಷದ ಕೆಲಸವನ್ನು ತಾನೇ ಅಳಿಸಿಬಿಟ್ಟೆನೆಂಬ ಭಯದಲ್ಲಿ ಕಣ್ಣು ತುಂಬಿ ಬಂತು.

"ತಪ್ಪು ನಂದೇ ಮೇಡಂ. ಹಳೇದನ್ನ ಅಳಿಸ್ಬ್ಯಾಡಿ ಅಂತ ಹೇಳ್ಬೇಕಿತ್ತು, ಮರ್ತುಬುಟ್ಟೆ. ಕೂತ್ಕೊಳಿ," ಅಂದೆ.

ಅಂಗಡಿಯ ಮೂಲೆಯಲ್ಲಿ ಹಳೇ ಡಬ್ಬಾ ಮಾನಿಟರಿನ ಕಂಪ್ಯೂಟರೊಂದಿತ್ತು. ಅದರಲ್ಲಿ ನಡುವಿನ ವರ್ಶನ್ನು. ಹೊಸದನ್ನೂ ಓದುತ್ತದೆ, ಹಳೆಯದಕ್ಕೂ ಬರೆಯುತ್ತದೆ. ನಾಲ್ಕು ನಿಮಿಷದಲ್ಲಿ ಫೈಲು ಹಳೆಯ ರೂಪಕ್ಕೆ ಮರಳಿತು. ಮೂರು ಸಾವಿರದ ನಾನೂರ ಹನ್ನೆರಡು ದನ, ಒಂದೂ ತಪ್ಪಿಸಿಕೊಂಡಿರಲಿಲ್ಲ.

ಲತ ಉಸಿರು ಬಿಟ್ಟಳು. "ಆದ್ರೆ ಅಪ್ಪ ಹಳೇದ್ರಲ್ಲೇ ಬರೆಯೋದು. ನಂಗೆ ಹೊಸದ್ರಲ್ಲಿ ಬೇಕು. ವಾರ ವಾರ ಏನ್ ಮಾಡೋದು?"

ಆ ನಡುವಿನ ವರ್ಶನ್ನನ್ನು ನಿಮ್ಮ ಲ್ಯಾಪ್‌ಟಾಪಿಗೇ ಹಾಕಿಕೊಡುತ್ತೇನೆ, ಹತ್ತು ನಿಮಿಷದ ಕೆಲಸ ಎಂದು ನಾನು ಹೇಳಬೇಕಿತ್ತು.

"ಸೋಮವಾರ ಸೋಮವಾರ ತಂದ್ಬುಡಿ ಮೇಡಂ. ನಾನು ಮಾಡ್ಕೊಡ್ತೀನಿ," ಅಂದೆ.

ಸುಳ್ಳು ಹೇಳಲಿಲ್ಲ. ನಿಜವನ್ನೂ ಹೇಳಲಿಲ್ಲ.

ಯುಗಾದಿ ಕಳೆದು ಶುರುವಾದದ್ದು ಹಾಗೇ ನಡೆಯಿತು. ಫೈಲಿಗೆ ನಾಲ್ಕು ನಿಮಿಷ, ಟೀಗೆ ಇಪ್ಪತ್ತು. ಆ ವಾರ ಹುಟ್ಟಿದ ಕರುಗಳ ಕತೆ ಹೇಳುತ್ತಿದ್ದಳು.

"ನಮ್ಮಪ್ಪ ಯಾವ ಕರು ಕಂಡ್ರೂ ಮೊದ್ಲು ತಾಯಿ ಕಡೆ ಯಾವ್ದು ಅಂತ ಕೇಳೋದು. ಹೋರಿ ಇಚಾರ ಎಲ್ಲಾ ಆಮೇಲೆ."

"ಯಾಕಂತೆ?"

"ಗುಣ ತಾಯಿ ಕಡೆಯಿಂದ ಬತ್ತದಂತೆ. ಕೊಂಬು ಬೇಕಾದ್ರೆ ಅಪ್ಪನ ಕಡೆಯಿಂದ ಬರ್ಲಿ ಅಂತಾರೆ."

ನಗುವಾಗ ಲೋಟವನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು. ನಾನು ಪರದೆಯನ್ನೇ ನೋಡುತ್ತಿರುವವನಂತೆ ಕೂತಿರುತ್ತಿದ್ದೆ. ಆ ಹಳೇ ಮಾನಿಟರಿನ ಗಾಜಿನಲ್ಲಿ ಹಿಂದೆ ಕೂತವರ ಮುಖ ಚೆನ್ನಾಗಿ ಕಾಣುತ್ತದೆ. ಒಂದು ಸೋಮವಾರ ಗಾಜಿನಲ್ಲೇ ನಮ್ಮ ಕಣ್ಣು ಕೂಡಿದವು. ಅವಳೂ ತಿರುಗಲಿಲ್ಲ, ನಾನೂ ತಿರುಗಲಿಲ್ಲ. ಟೀ ಆರಿಹೋಯಿತು.

ದಸರಾ ಮುಗಿದ ಮೇಲೆ ಒಂದು ಸೋಮವಾರ ಅವಳು ಲ್ಯಾಪ್‌ಟಾಪ್ ಬ್ಯಾಗಿನ ಸಮೇತ ಬಂದಳು. ಕೂರಲಿಲ್ಲ.

"ನಂಗೆ ದೇವಲಾಪುರಕ್ಕೆ ವರ್ಗ ಆಯ್ತು. ಅಲ್ಲೇ ರೂಮು ಮಾಡ್ತೀನಿ."

"ದೇವಲಾಪುರ ಅಂದ್ರೆ ನಾಗಮಂಗಲದ ಆಚೆಗಲ್ವಾ?"

"ಊಂ. ಆದ್ರೂ ಸೋಮವಾರ ಬತ್ತೀನಿ. ಐದೂವರೆ ಬಸ್ಸು ಹಿಡಿದು, ನಾಗಮಂಗಲದಲ್ಲಿ ಇಳಿದು ಇನ್ನೊಂದು ಹತ್ತುದ್ರೆ ಆಯ್ತು."

ಕತ್ತಲಲ್ಲೆದ್ದು ಎರಡೆರಡು ಬಸ್ಸು ಹತ್ತಿ, ನನ್ನದೊಂದು ಕಳ್ಳತನಕ್ಕಾಗಿ ಅವಳು ಬರುತ್ತಾಳೆ. ಅದನ್ನು ನೆನೆದು ನನಗೆ ನನ್ನ ಮೇಲೇ ಅಸಹ್ಯವಾಯಿತು. ಹೇಳಿದರೆ ಮುಂದಿನ ಸೋಮವಾರದಿಂದ ಅವಳಿಲ್ಲ. ಹೇಳದಿದ್ದರೆ ಅವಳ ಮುಖ ನೋಡುವ ಯೋಗ್ಯತೆ ನನಗಿಲ್ಲ.

"ಬರಬ್ಯಾಡಿ ಮೇಡಂ," ಅಂದೆ. "ಇದು ನಿಮ್ಮ ಲ್ಯಾಪ್‌ಟಾಪಲ್ಲೇ ಆಯ್ತದೆ. ಹತ್ತೇ ನಿಮಿಷ. ಮೊದಲ ದಿನಾನೇ ಹಾಕ್ಕೊಡಬೌದಿತ್ತು. ನೀವು ಬರೋದು ನಿಂತೋಯ್ತದೆ ಅಂತ ಹೇಳ್ನಿಲ್ಲ. ನಿಮ್ಮನ್ನ ನೋಡ್ದೆ ವಾರ ಶುರು ಮಾಡಕ್ಕೆ ನಂಗಾಗ್ತಿರಲಿಲ್ಲ. ತಪ್ಪಾಯ್ತು."

ಅವಳು ನಿಧಾನವಾಗಿ ಕುರ್ಚಿ ಎಳೆದುಕೊಂಡು ಕೂತಳು. ಬ್ಯಾಗು ತೆರೆದು, ಲ್ಯಾಪ್‌ಟಾಪ್ ತೆಗೆದು, ಪರದೆಯನ್ನು ನನ್ನ ಕಡೆ ತಿರುಗಿಸಿದಳು.

ನಡುವಿನ ವರ್ಶನ್ನು ಅಲ್ಲೇ ಇತ್ತು. ಪಕ್ಕದಲ್ಲಿ ಹಳೆಯ ಫೈಲು, ಹೊಸ ಫೈಲು, ಎರಡೂ ಅಚ್ಚುಕಟ್ಟಾಗಿ.

"ಗೌರಿ ಹಬ್ಬದ ಹಿಂದಿನ ವಾರ ನಮ್ಮ ಆಫೀಸಿಗೆ ರಿಪೇರಿಗೆ ಬಂದಿದ್ದ ಸಂತೋಷ್ ಹಾಕ್ಕೊಟ್ಟ," ಅಂದಳು. "ನೀವಂದಂಗೇ, ಹತ್ತೇ ನಿಮಿಷ."

"ಮತ್ತೆ... ಅಲ್ಲಿಂದ ಈಚೆಗೆ ಯಾಕೆ ಬತ್ತಿದ್ರಿ?"

ಇಂಥ ದಡ್ಡ ಪ್ರಶ್ನೆಯನ್ನು ಪೇಟೆಯಲ್ಲಿ ಇನ್ನಾರೂ ಕೇಳಿರಲಾರರು. ಲತ ನನ್ನನ್ನು ದಿಟ್ಟಿಸಿದಳು. ಈ ಸಲ ಗಾಜಿನಲ್ಲಲ್ಲ, ನೇರವಾಗಿ.

"ಅವತ್ತು ಹಳೇ ಫೈಲು ಅಳಿಸಿದ್ದು ನಾನು. ನಿಮಗೂ ಗೊತ್ತಿತ್ತು. ನಂಗೆ ಅಳು ಬಂದಿದ್ದು ನೋಡಿ ತಪ್ಪು ನಂದೇ ಅಂದ್ಬುಟ್ರಿ. ಅಂಥೋರು ಹತ್ತು ನಿಮಿಷದ್ದು ಯಾಕೆ ಬಚ್ಚಿಟ್ರು ಅಂತ ನಂಗೆ ಅರ್ಥ ಆಗಲ್ವಾ? ನೀವಾಗೇ ಯಾವಾಗ ಹೇಳ್ತೀರ ಅಂತ ಕಾಯ್ತಿದ್ದೆ."

ಲ್ಯಾಪ್‌ಟಾಪ್ ಮುಚ್ಚಿ ಬ್ಯಾಗಿಗೆ ಹಾಕಿದಳು.

"ಅಪ್ಪಂಗೆ ಎಲ್ಲಾ ಹೇಳಿದೀನಿ. ಒಂದೇ ಒಂದು ಕೇಳಿದ್ರು. ಇವತ್ತು ತಿಳ್ಕೊಂಡು ಬಾ ಅಂದವ್ರೆ."

"ಏನು?"

"ನಿಮ್ಮ ತಾಯಿ ಕಡೆ ಯಾವೂರು?"

"ಚಿನಕುರಳಿ," ಅಂದೆ. ಎರಡು ಸಲ ಹೇಳಬೇಕಾಯಿತು.

ಲತ ಅಲ್ಲೇ ಫೋನು ಹಚ್ಚಿದಳು. "ಅಪ್ಪಾ, ಚಿನಕುರಳಿಯಂತೆ."

ಲಿಂಗಣ್ಣನವರಿಗೆ ಫೋನಿನಲ್ಲಿ ಮೆಲ್ಲಗೆ ಮಾತಾಡಿ ರೂಢಿಯಿಲ್ಲ. ಅಂಗಡಿಗೆಲ್ಲ ಕೇಳಿಸಿತು.

"ಒಳ್ಳೆ ಕಡೇನೇ ಬುಡವ್ವ. ಭಾನುವಾರ ಊಟಕ್ಕೆ ಬರಾಕೇಳು. ಪೆನ್‌ಡ್ರೈವು ತರಾದು ಬ್ಯಾಡ, ಅವರವ್ವನ್ನ ಕರ್ಕೊಂಡು ಬರ್ಲಿ."