ಎಡಗಡೆಯಿಂದ ಬರುವ ಬೂಟು

"ಮೋಸಗಾರ! ಬೂಟಿನ ಸಪ್ಪಳ ಬಂದ್ ಮಾಡಿ ಬರಾಕತ್ತಿ ನೀ!" ಹುಸ್ನಾ ಹೆಡ್‌ಫೋನ್ ಕಿತ್ತು ಟೇಬಲ್ ಮೇಲೆ ಕುಕ್ಕಿದಳು.

"ನಮ್ಮವ್ವನ ಆಣಿ, ನಾ ಏನೂ ಮಾಡಿಲ್ಲ!" ಪಕ್ಕದ ಕಂಪ್ಯೂಟರಿನ ಮುಂದಿದ್ದ ದುರ್ಗೇಶ ಕಕ್ಕಾಬಿಕ್ಕಿಯಾದ.

ಇಬ್ಬರದೂ ಐದನೇ ತರಗತಿ, ಒಂದೇ ಓಣಿ. ರವಿವಾರ ಬಂತೆಂದರೆ ಗಜೇಂದ್ರಗಡದ ಬಸ್‌ಸ್ಟ್ಯಾಂಡ್ ಹತ್ತಿರ ಹುಸ್ನಾಳ ಇನಾಯತ ಚಾಚಾನ ಝೆರಾಕ್ಸ್ ಅಂಗಡಿಗೆ ಹಾಜರು. ಅಲ್ಲಿ ಎರಡು ಕಂಪ್ಯೂಟರಿಗೂ ಒಂದು ವೈರು ಜೋಡಿಸಿ ಚಾಚಾ ಬಂದೂಕಿನ ಗೇಮ್ ಹಾಕಿಕೊಟ್ಟಿದ್ದ.

ಆ ಗೇಮಿನ ಸಪ್ಪಳವೆಂದರೆ ಹುಸ್ನಾಳಿಗೆ ಜೀವ. ಗುಂಡು ತುಂಬುವ ‘ಖಟಕ್’, ಬಾಂಬಿನ ‘ಟೀಕ್ ಟೀಕ್’, ಗೋಡೆಯಾಚೆ ಬರುವವನ ಬೂಟಿನ ‘ಟಪ್ ಟಪ್’ ಎಲ್ಲವನ್ನೂ ಬಾಯಲ್ಲೇ ಮಾಡಿ ತೋರಿಸುತ್ತಿದ್ದಳು. ದುರ್ಗೇಶ ಬಲಗಡೆಯಿಂದ ಬಂದರೆ ನೋಡದೆಯೇ ಹೊಡೆಯುತ್ತಿದ್ದಳು. ಎಡಗಡೆಯಿಂದ ಬಂದರೆ ಮಾತ್ರ ಅವಳೇ ಢಮಾರ್. ಪ್ರತಿ ಸಲವೂ!

"ಹಂಗಾರ ನಿನ್ನ ಕೂಡ ಆಡಾಕ ನಾ ಇನ್ನ ಬರೂದ ಇಲ್ಲ." ದುರ್ಗೇಶ ಎದ್ದೇಬಿಟ್ಟ. ಅವನ ಕಣ್ಣು ತುಂಬಿತ್ತು.

ಹುಸ್ನಾ ಅವನ ಅಂಗಿ ಹಿಡಿದು ಜಗ್ಗಿದಳು. "ತಡಿ, ತಡಿ. ಹೆಡ್‌ಫೋನ್ ಕೆಟ್ಟಿರಬೇಕು. ಚೆಕ್ ಮಾಡೂಣು. ನನ್ನ ಎಡಗಡಿಂದ ನಡಕೋತ ಬಾ."

ದುರ್ಗೇಶ ಮೂಗು ಒರೆಸಿಕೊಂಡು ಕೂತ. ಗೇಮಿನೊಳಗೆ ಅವನ ಸಿಪಾಯಿ ಹುಸ್ನಾಳ ಸಿಪಾಯಿಯ ಎಡಕ್ಕೆ ಓಡಾಡಿದ. ಸಪ್ಪಳವೇ ಇಲ್ಲ.

"ನೋಡು, ಈ ಕಡೀದು ಸತ್ತೈತಿ!" ಹುಸ್ನಾ ಹೆಡ್‌ಫೋನನ್ನು ತಿರುವಿ ಹಾಕಿಕೊಂಡಳು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ.

ಟಪ್ ಟಪ್ ಟಪ್!

ಅಯ್ಯ, ಸತ್ತಿದೆ ಎಂದುಕೊಂಡ ಎಡದ್ದೇ ಈಗ ಬಲಗಿವಿಯಲ್ಲಿ ಸಪ್ಪಳ ಮಾಡುತ್ತಿದೆ! ಹಾಗಾದರೆ ಕೆಟ್ಟಿದ್ದು ಯಾವುದು?

ಹುಸ್ನಾ ಹೆಡ್‌ಫೋನ್ ತೆಗೆದಿಟ್ಟಳು. "ನನ್ನ ಕಿವಿ ಹತ್ರ ಬೆರಳ ತಿಕ್ಕು."

ದುರ್ಗೇಶ ಬಲಗಡೆ ತಿಕ್ಕಿದ. ಸರ್ ಸರ್. ಆಮೇಲೆ ಎಡಗಡೆಗೆ ಹೋದ.

"ಹ್ಞೂಂ, ತಿಕ್ಕು."

"ತಿಕ್ಕಾಕತ್ತೇನಲ್ಲ!"

ಹುಸ್ನಾ ಎಡಗಿವಿ ಮುಟ್ಟಿ ನೋಡಿಕೊಂಡಳು. ಎರಡೂ ಕಿವಿ ಕೂಡಿಯೇ ಕೇಳುತ್ತವೆ ಎಂದು ಅವಳು ತಿಳಿದಿದ್ದಳು. ಒಂದೊಂದನ್ನೇ ಬೇರೆ ಮಾಡಿ ಯಾರು ನೋಡುತ್ತಾರೆ? ಅವಳಿಗೆ ಹೆದರಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು.

"ನೀ ಮೋಸ ಮಾಡಿದ್ದಿಲ್ಲ," ಎಂದಳು.

ಅಷ್ಟರಲ್ಲಿ ಗಿರಾಕಿ ಬಂದು, ಚಾಚಾನ ಝೆರಾಕ್ಸ್ ಮಷಿನ್ ಗರ್ರ್ ಎಂದು ಶುರುವಾಯಿತು. ಎಡಗಡೆ ನಿಂತಿದ್ದ ದುರ್ಗೇಶನ ತುಟಿ ಅಲ್ಲಾಡಿದ್ದು ಕಂಡಿತು, ಅಷ್ಟೇ.

"ಏನಂದಿ?"

ದುರ್ಗೇಶ ಕುರ್ಚಿ ಸುತ್ತಿ ಅವಳ ಬಲಗಡೆಗೆ ಬಂದ. "ಚಾಚಾಗ ಹೇಳೂಣು ಬಾ. ದವಾಖಾನಿಗೆ ನಾನೂ ಬರ್ತೇನಿ ಅಂದೆ."

ಈಗ ಪೂರಾ ಕೇಳಿಸಿತು. ಹುಸ್ನಾ ಎದ್ದು ಚಾಚಾನ ಕಡೆ ನಡೆದಳು.