ಎಡಗಡೆಯ ಎರಡು ಹಾಲೆ

"ಈ ತಗ್ಗನ್ನ ಮುಚ್ಚಿದ್ದು ಯಾರು?"

ಅಂಗರಚನೆಯ ಮೇಷ್ಟ್ರು ಮೇಣದ ಶ್ವಾಸಕೋಶವನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದರು.

ಅವಳು ಕೆಲಸದ ಮೇಜಿನಿಂದ ತಲೆ ಎತ್ತಿದಳು. ನರ್ಸಿಂಗ್ ಶಾಲೆಗೆ ಮೇಣದ ಅಂಗಗಳನ್ನು ಮಾಡಿಕೊಡುವುದು ಅವಳ ಕಸುಬು. ಎಡ ಶ್ವಾಸಕೋಶದ ಮುಂದಿನ ಅಂಚಿನ ತಗ್ಗನ್ನು ಅಚ್ಚಿನ ದೋಷವೆಂದುಕೊಂಡು, ಮೇಣ ತುಂಬಿ ನುಣ್ಣಗೆ ತೀಡಿಬಿಟ್ಟಿದ್ದಳು.

"ನಾನೇ. ಅಚ್ಚು ಕೆಟ್ಟಿದೆ ಅಂದ್ಕೊಂಡೆ."

"ಹಾಗಾದ್ರೆ ಹೃದಯ ಎಲ್ಲಿ ಕೂತ್ಕೋಬೇಕು, ನೀವೇ ಹೇಳಿ."

ಸಿಟ್ಟಿನ ಮಾತೇ. ಆದರೂ ಆಡಿದವರಿಗೇ ನಗು ಬಂದುಬಿಟ್ಟಿತು.

ಆಮೇಲೆ ಸಂಜೆ ಹೊತ್ತು ತಾವಾಗಿ ಬಂದು ಹೇಳಿಕೊಡತೊಡಗಿದರು. ಶ್ವಾಸಕೋಶಕ್ಕೆ ಬಲಗಡೆ ಮೂರು ಹಾಲೆ, ಅಂದರೆ ಮೂರು ಭಾಗ, ಎಡಗಡೆ ಎರಡೇ. ನಡುವೆ ಓರೆಯಾಗಿ ಇಳಿಯುವ ಸೀಳು. ಮೇಲಿನ ಹಾಲೆಗೆ ನಾಲಿಗೆಯಂಥ ಪುಟ್ಟ ಚಾಚು. ಅವರ ಬೆರಳು ಮೇಣದ ಮೇಲೆ, ಅವಳ ಕಣ್ಣು ಅವರ ಮುಖದ ಮೇಲೆ... ಈ ಮೇಷ್ಟ್ರಿಗೆ ಪಾಠ ಮುಗಿಸುವ ಆತುರವೇ ಇಲ್ಲವಲ್ಲ ಎಂದು ಜೊತೆಗಿದ್ದ ಸೋದರತ್ತೆ ಛೇಡಿಸುತ್ತಿದ್ದಳು.

ಮದುವೆಯ ಮಾತೆತ್ತಿದವರೂ ಅವರೇ. ಅತ್ತೆ ಒಪ್ಪಿದಳು. ಅವಳಂತೂ ಮನಸ್ಸಿನಲ್ಲಿ ಯಾವತ್ತೋ ಒಪ್ಪಿಯಾಗಿತ್ತು.

ಅಷ್ಟರಲ್ಲಿ ಅವರು ಬರುವುದೇ ನಿಂತಿತು. ಬೇರೆ ಕಡೆ ಗಂಡು ನೋಡಿಕೊಳ್ಳಿ ಎಂದು ಅತ್ತೆಗೆ ಹೇಳಿಕಳಿಸಿದರು. ಕಾರಣ ಹೇಳಲಿಲ್ಲ.

'ಮೇಣ ಕರಗಿಸೋಳು ಮೇಷ್ಟ್ರಿಗೆ ಸರಿಜೋಡಿ ಅಲ್ಲ ಅನ್ನಿಸಿರ್ಬೇಕು...'

ಹಾಗಂದುಕೊಂಡು ಅವಳು ಮತ್ತೆ ಮೇಣ ಕಾಯಿಸಿದಳು.

ಕೆಲವು ವಾರ ಕಳೆದು ಶಾಲೆಯ ಜವಾನನ ಕೈಲಿ ಅವರಿಂದ ಒಂದು ಕೆಲಸ ಬಂತು. ಎಡ ಶ್ವಾಸಕೋಶವೇ, ಕೆಳಗಿನ ಹಾಲೆ ಮಾತ್ರ ಬಿಚ್ಚಿ ತೆಗೆಯುವಂತಿರಬೇಕು. ಮಾಡಿದಳು, ತಾನೇ ಒಯ್ದಳು. ಮೇಷ್ಟ್ರು ತೀರಾ ಸೊರಗಿಹೋಗಿದ್ದರು.

ಇದು ಯಾವ ಪಾಠಕ್ಕೆ ಎಂದು ಕೇಳಿದಳು.

"ಪಾಠಕ್ಕಲ್ಲ. ಅಮ್ಮನಿಗೆ ತಿಳಿಸಿ ಹೇಳೋಕೆ. ನನ್ನ ಈ ಹಾಲೆ ಹಳೇ ಸೋಂಕಿನಿಂದ ಪೂರ್ತಿ ಕೆಟ್ಟಿದೆ. ತೆಗೀಬೇಕಂತೆ."

ಅವಳು ತಂದದ್ದನ್ನು ಮೇಜಿನ ಮೇಲಿಟ್ಟಳು.

"ನನಗ್ಯಾಕೆ ಹೇಳ್ಲಿಲ್ಲ?"

"ಬದುಕಿ ಬಂದ್ರೂ ಅರ್ಧ ಉಸಿರಿನವನು. ನಿಮ್ಮನ್ನ ಯಾಕೆ ಕಟ್ಟಿಹಾಕ್ಲಿ?"

"ಬೇಡ ಅನ್ನೋದಾದ್ರೆ ನಾನು ಅನ್ಬೇಕಿತ್ತು. ನೀವು ನನ್ನನ್ನ ಕೇಳಲೇ ಇಲ್ಲ."

ಅವಳು ಮೇಣದ ಶ್ವಾಸಕೋಶವನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡಳು.

"ನಡೀರಿ, ಅಮ್ಮನಿಗೆ ಇಬ್ಬರೂ ಹೇಳೋಣ."

ಶಸ್ತ್ರಚಿಕಿತ್ಸೆಯ ದಿನ ಆ ಕೋಣೆಯ ಬಾಗಿಲ ಹೊರಗೆ ಅತ್ತೆ, ಮೇಷ್ಟ್ರ ತಾಯಿ, ಅವಳು, ಮೂವರೂ ಒಂದೇ ಬೆಂಚಿನ ಮೇಲೆ ಕಾದರು. ಬದುಕಿದ್ದಾರೆ ಎಂದು ವೈದ್ಯರು ಬಂದು ಹೇಳಿದಾಗ ತಾಯಿ ಹಿಡಿದದ್ದು ಅವಳ ಕೈ.

ಆಸ್ಪತ್ರೆಯಿಂದ ಮನೆಗೆ ಬಂದ ದಿನ ಮೆಟ್ಟಿಲ ಅರ್ಧದಲ್ಲೇ ಮೇಷ್ಟ್ರಿಗೆ ಏದುಸಿರು. ಗೋಡೆಗೆ ಒರಗಿದರು.

"ನೀವು ಮುಂದೆ ಹೋಗಿರಿ..."

"ಇನ್ನೂ 'ನೀವು' ಅಂತೀರಲ್ಲ."

ಉಸಿರು ಕೂಡಿಬರಲು ಹೊತ್ತು ಹಿಡಿಯಿತು.

"ಹಾಗಾದ್ರೆ... ನಿಲ್ತೀಯಾ?"

"ನಿಂತೇ ಇದ್ದೀನಿ."